ಏಳನೆಯ ಪಾಲು

ಜಾಂಜಿಬಾರಿನಿಂದ ಜೆಯಾನಾ ಸೊಂಟಕ್ಕೆ ಕಟ್ಟಿಕೊಂಡು ತಂದಿದ್ದ ಶಿಲಿಂಗ್ ನೋಟುಗಳ ಗಂಟು ಕೂಸಿನ ದಿಂಬಿನಷ್ಟು ದಪ್ಪಗಿತ್ತು. ಮಸ್ಕತ್ತಿನ ವಿನಿಮಯದ ಅಂಗಡಿಯವನು ಅದನ್ನು ಎಣಿಸುವ ಯಂತ್ರಕ್ಕೆ ತುರುಕಿ, ಗಾಜಿನ ಕೆಳಗಿನಿಂದ ಮೂರೇ ಮೂರು ನೋಟುಗಳನ್ನು ಆಚೆ ತಳ್ಳಿದ. ಐವತ್ತರದು ಒಂದು, ಇಪ್ಪತ್ತರವು ಎರಡು.

"ಮಿಕ್ಕಿದ್ದು?" ಎಂದಳು ಜೆಯಾನಾ.

ಮಸ್ಕತ್ತಿನಲ್ಲೇ ನೆಲೆಸಿದ್ದ ಸೋದರತ್ತೆ ಗಾಲಿಯಾ ಪಕ್ಕದಲ್ಲಿ ನಿಂತು ಬಾಯಿಗೆ ಮುಸುಕಿನ ಅಂಚು ಒತ್ತಿಕೊಂಡು ನಕ್ಕಳು. "ಅಷ್ಟೇ ಕಣೇ! ನಮ್ಮ ರಿಯಾಲು ನೋಡೋಕೆ ತೆಳ್ಳಗೆ, ಗತ್ತು ಮಾತ್ರ ಜಾಸ್ತಿ. ಒಳಗಿಟ್ಕೋ, ಗಾಳಿಗೆ ಬಿಟ್ಟೀಯ."

ಅವಳು ಒಳಗಿಡಲಿಲ್ಲ. ಅಂಗೈಯಲ್ಲೇ ಹಿಡಿದು ನೋಡಿದಳು. ಅಮ್ಮ ಜೀವಮಾನವಿಡೀ ತುಳಿದ ಹೊಲಿಗೆ ಯಂತ್ರ, ಸಕ್ಕರೆ ಡಬ್ಬಿಯಲ್ಲಿ ಕೂಡಿಟ್ಟ ಚಿಲ್ಲರೆ, ಎಲ್ಲವೂ ಕರಗಿ ಈ ಮೂರು ಹಾಳೆಗಳೊಳಗೆ ಇಳಿದಿದ್ದವು. ಒಂದು ಊರನ್ನು ಮಡಿಚಿ ಕೈಗೆ ಕೊಟ್ಟ ಹಾಗಿತ್ತು. ಉಸಿರು ಜೋರಾಗಿ ಬಿಡಲೂ ಅವಳಿಗೆ ಭಯವಾಯಿತು.

ಅಮ್ಮ ಹುಟ್ಟಿದ್ದು ಮಸ್ಕತ್ತಿನಿಂದ ಒಳನಾಡಿಗಿರುವ ಸಿನಾವು ಎಂಬ ಊರಿನಲ್ಲಿ. ಹಾಲುಹಲ್ಲು ಬೀಳುವ ಮೊದಲೇ ಹಾಯಿಹಡಗು ಹತ್ತಿದವಳು ಮತ್ತೆ ಈ ಮಣ್ಣು ಕಾಣಲಿಲ್ಲ. ಸಾಯುವ ಮುಂಚೆ ಕೇಳಿದ್ದು ಒಂದೇ: "ನಾನು ಹುಟ್ಟಿದೂರಲ್ಲಿ ಒಂದು ಹಬ್ಬಕ್ಕೆ ನನ್ನ ಹೆಸರಲ್ಲಿ ಕುರ್ಬಾನಿ ಕೊಡಿಸು ಮಗಳೇ. ನನ್ನ ದುಡಿಮೆ ದುಡ್ಡಲ್ಲೇ ಆಗ್ಬೇಕು. ಯಾರ ಹತ್ರಾನೂ ಕೈಚಾಚಬೇಡ."

ಹಬ್ಬಕ್ಕೆ ಮೊದಲಿನ ಗುರುವಾರ ಅತ್ತೆ ಅವಳನ್ನು ಸಿನಾವಿನ ಸಂತೆಗೆ ಕರೆತಂದಳು. "ನಾನು ಬರೋವರೆಗೂ ಬಾಯಿ ತೆರೀಬೇಡ" ಎಂದು ಹೇಳಿ, ಧೂಪದ ಅಂಗಡಿಯಲ್ಲಿ ಚೌಕಾಸಿಗೆ ನಿಂತುಬಿಟ್ಟಳು. ಜೆಯಾನಾ ಬಾಯಿ ತೆರೆಯಲಿಲ್ಲ. ಆದರೆ ಕಾಲು ಅವಳನ್ನು ಆಡಿನ ಕಣಕ್ಕೆ ಕೊಂಡೊಯ್ದಿತ್ತು. ಮುಖಕ್ಕೆ ಮುಸುಕು ಹಾಕಿದ, ಮರಳುಗಾಡಿನ ಬದೂ ಬುಡಕಟ್ಟಿನ ಹೆಂಗಸರು ಆಡುಗಳನ್ನು ಹಗ್ಗ ಹಿಡಿದು ಸುತ್ತು ಹೊಡೆಸುತ್ತ ಬೆಲೆ ಕೂಗುತ್ತಿದ್ದರು. ಧೂಳು, ಅರಚಾಟ, ಗಂಡಸರ ಬಿಳಿ ಅಂಗಿಗಳ ಸಾಲು. ನಡುವೆ ಕೆಂಚು ಬಣ್ಣದ ಒಂದು ಹೋತ ರಾಜನ ಹಾಗೆ ಕತ್ತೆತ್ತಿ ಬಂತು.

"ನೂರಾ ನಲವತ್ತು! ನೂರಾ ನಲವತ್ತು!"

ಜಾಂಜಿಬಾರಿನ ಪೇಟೆಯಲ್ಲಿ 'ಸಾವಿರ' ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೀನಿನವನು 'ಹತ್ತು' ಎಂದರೆ ಹತ್ತು ಸಾವಿರ ಶಿಲಿಂಗ್. ಆಡಿಗೆ 'ನೂರಾ ನಲವತ್ತು' ಎಂಬುದು ಅಲ್ಲಿ ದಿನಾ ಕೇಳುವ ಬೆಲೆ. ಹುಟ್ಟಿದಂದಿನಿಂದ ಹಾಗೆ ಕೇಳಿ ಪಳಗಿದ ಅವಳ ಕಿವಿ ಸಾವಿರವನ್ನು ತಾನೇ ಸೇರಿಸಿಕೊಂಡಿತು. ಅಷ್ಟು ಶಿಲಿಂಗೆಂದರೆ ಇಪ್ಪತ್ತು ರಿಯಾಲಿನ ಮೇಲೆ ಒಂದಿಷ್ಟು! ಅಮ್ಮನಿಗೆ ಈ ರಾಜ ಸಿಕ್ಕಿದನಲ್ಲ ಎಂದು ಎದೆ ತುಂಬಿ ಬಂದು, ಕೈಚಾಚಿ ಹೋತದ ಬೆನ್ನು ಮುಟ್ಟಿದಳು.

ಮುಟ್ಟಿದ್ದೇ ತಡ, ಮಾರುವವಳು ಹಗ್ಗವನ್ನು ಅವಳ ಕೈಗಿಟ್ಟಳು. ಸಂತೆಯಲ್ಲಿ ಹಗ್ಗ ಕೈ ಬದಲಾದರೆ ವ್ಯಾಪಾರ ಮುಗಿದಂತೆ. ಜೆಯಾನಾ ಇಪ್ಪತ್ತರ ಎರಡು ನೋಟು ಕೊಟ್ಟು ಚಿಲ್ಲರೆಗೆ ಕಾದು ನಿಂತಳು.

ಉಮ್ ಸುಹೈಲ್ ಎಂದು ಸಂತೆಯೆಲ್ಲ ಕರೆಯುವ ಆ ಮುದುಕಿ ನೋಟುಗಳನ್ನು ತಿರುಗಿಸಿ ನೋಡಿದಳು. "ಇದೇನವ್ವಾ? ಬಾಲ ಒಂದನ್ನೇ ಕೊಯ್ಕೊಂಡು ಹೋಗ್ತೀಯಾ?"

ಸುತ್ತಲಿದ್ದವರು ಘೊಳ್ಳೆಂದರು. ಅಷ್ಟರಲ್ಲಿ ಅತ್ತೆ ಓಡಿಬಂದಳು. "ಅಯ್ಯೋ ಮಂಕೇ, ನೂರಾ ನಲವತ್ತು ರಿಯಾಲು ಕಣೇ! ಇರ್ಲಿ ಬಿಡು, ಉಳಿದಿದ್ದು ನಾನು ಹಾಕ್ತೀನಿ."

"ಬೇಡ ಅತ್ತೆ."

"ಜಂಬ ನೋಡು ಇವಳ್ದು!"

"ಅಮ್ಮ ತನ್ನ ದುಡ್ಡಲ್ಲೇ ಅಂದಿದ್ಳು." ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಹಗ್ಗವನ್ನು ಮುದುಕಿಯ ಮುಂದೆ ಹಿಡಿದಳು.

"ಮುಟ್ಟಿ ಬಿಟ್ಟ ಹೋತಾನ ಇನ್ಯಾರು ಕೊಳ್ತಾರೆ? ಏನೋ ಐಬಿದೆ ಅಂತಾರೆ" ಎಂದು ಉಮ್ ಸುಹೈಲ್ ಗೊಣಗಿದಳು. ಆಮೇಲೆ ಮುಸುಕಿನೊಳಗಿಂದ ಜೆಯಾನಾಳ ಮುಖವನ್ನೇ ದಿಟ್ಟಿಸಿ ಕೇಳಿದಳು: "ಯಾವೂರೋಳು ನಿಮ್ಮಮ್ಮ?"

"ಇದೇ ಊರು."

"ಒಟ್ಟು ಎಷ್ಟಿದೆ ನಿನ್ನತ್ರ?"

"ತೊಂಬತ್ತು."

"ತೊಂಬತ್ತಿಟ್ಕೊಂಡು ಆಡಿನ ಕಣಕ್ಕೆ ಯಾಕೆ ಬಂದೆ ಹುಚ್ಚಿ? ಅತ್ಲಾಗೆ ಹೋಗು! ಕುರ್ಬಾನಿ ಒಂಟೆಗೆ ಏಳು ಜನ ಪಾಲು ಹಾಕ್ಬೋದು. ಹಿಲಾಲಜ್ಜ ಬೆಳಗಿಂದ ಏಳನೆಯವರಿಗೆ ಕಾಯ್ತಾ ಒಣಗ್ತಾವ್ನೆ." ನೋಟುಗಳನ್ನು ಹಿಂದಕ್ಕೆ ಕೊಟ್ಟು, ಹಗ್ಗ ಕಿತ್ತುಕೊಂಡು, ಮತ್ತೆ ನೂರಾ ನಲವತ್ತೆಂದು ಕೂಗುತ್ತ ಹೊರಟುಹೋದಳು.

ಮರದ ನೆರಳಿನಲ್ಲಿ ಆರು ಮಂದಿ ಕುಳಿತಿದ್ದರು. ಅವರಲ್ಲೊಬ್ಬನಾದ ಹಿಲಾಲಜ್ಜ ಅವಳನ್ನು ಏನೂ ವಿಚಾರಿಸಲಿಲ್ಲ. "ಪಾಲಿಗೆ ಎಂಬತ್ತೈದು ಮಗಾ" ಎಂದ. ಅವಳು ಮೂರೂ ನೋಟುಗಳನ್ನು ಅವನ ಅಂಗೈಯಲ್ಲಿಟ್ಟಳು. ಅವನು ಐದರ ನೋಟೊಂದನ್ನು ಹಿಂದಿರುಗಿಸಿ, "ಯಾರ ಹೆಸರಲ್ಲಿ?" ಎಂದು ಕೇಳಿದ.

"ಶರೀಫಾ."

"ಗಟ್ಟಿಯಾಗಿ ಹೇಳು. ಯಾರ ಮಗಳು?"

"ಶರೀಫಾ. ಖಲ್ಫಾನನ ಮಗಳು."

ಆರೂ ಮಂದಿ ಆ ಹೆಸರನ್ನು ಒಬ್ಬರಾದ ಮೇಲೊಬ್ಬರು ಬಾಯಲ್ಲಿ ಹೇಳಿಕೊಂಡರು, ಹಬ್ಬದ ದಿನ ಮರೆಯಬಾರದೆಂದು. ಅಮ್ಮ ಬಿಟ್ಟುಹೋದ ಊರಿನಲ್ಲಿ, ಅಮ್ಮನನ್ನು ಎಂದೂ ಕಾಣದ ಗಂಡಸರ ಬಾಯಲ್ಲಿ ಅವಳ ಹೆಸರು ಒಂದು ಸುತ್ತು ಬಂತು.

"ನಿಮ್ಮ ಒಂಟೆ ನೋಡ್ಕೋ" ಎಂದ ಅಜ್ಜ, ಅದನ್ನು ಗದರಿ ಎಬ್ಬಿಸುತ್ತ.

ಒಂಟೆ ಮೊದಲು ಹಿಂಗಾಲು ಎತ್ತಿತು, ಆಮೇಲೆ ಮುಂಗಾಲು. ಏಳುತ್ತಲೇ ಹೋಯಿತು. ಅವಳ ತಲೆಯ ಮುಸುಕು ಜಾರಿ ಬಿದ್ದರೂ ಕತ್ತು ಇನ್ನೂ ಹಿಂದಕ್ಕೆ ಬಾಗುತ್ತಲೇ ಇತ್ತು. ಈ ಬೆಟ್ಟದಲ್ಲಿ ಅಮ್ಮನ ಪಾಲು ಎಲ್ಲಿಂದ ಎಲ್ಲಿಯವರೆಗೆ? ಪಾದವೋ, ಕತ್ತೋ, ಆಕಾಶಕ್ಕೆ ಅಂಟಿದ ಆ ಡುಬ್ಬವೋ? ಬೇರ್ಪಡಿಸಲು ನೋಡಿದಳು, ಆಗಲಿಲ್ಲ. ಒಂಟೆ ಉದ್ದ ರೆಪ್ಪೆಗಳನ್ನು ನಿಧಾನವಾಗಿ ಮುಚ್ಚಿ ತೆರೆದು ಅವಳನ್ನು ನೋಡಿತು.

"ಬಾರೇ, ಬಿಸಿಲು ಏರ್ತಿದೆ" ಎಂದು ಅತ್ತೆ ಕೈ ಜಗ್ಗಿದಳು.

"ಇರಿ ಅತ್ತೆ" ಎಂದಳು ಜೆಯಾನಾ. ಈ ಸಲ ಅವಳ ದನಿ ಎಲ್ಲರಿಗೂ ಕೇಳಿಸಿತು.