ಸರದಿಯ ಕಲ್ಲು

ಉಸಿರು ಬಿಗಿಹಿಡಿದು ಸೇತುವೆ ದಾಟಿದರೆ ಮನಸ್ಸಿನಲ್ಲಿ ಅಂದುಕೊಂಡದ್ದು ಆಗುತ್ತದಂತೆ. ಲಿಮಾ ನಗರದ ನಮ್ಮ ಬರ್ರಾಂಕೊ ಬಡಾವಣೆಯ ನಿಟ್ಟುಸಿರಿನ ಸೇತುವೆಯ ಮೇಲೆ ನಿಂತು ಹದಿನಾಲ್ಕು ವರ್ಷಗಳಿಂದ ದಿನಕ್ಕೆ ನಾಲ್ಕು ಸಲ ಪ್ರವಾಸಿಗರಿಗೆ ಈ ಮಾತು ಹೇಳುತ್ತಿದ್ದೇನೆ. ದೊಡ್ಡ ದೇಶಗಳಲ್ಲಿ ದೊಡ್ಡ ಕೆಲಸ ಮಾಡುವ ಗಂಡಸರು ಕೆನ್ನೆ ಉಬ್ಬಿಸಿಕೊಂಡು, ಬೀಟ್‌ರೂಟಿನ ಬಣ್ಣಕ್ಕೆ ತಿರುಗಿ, ಆ ಕಡೆ ಮುಟ್ಟಿದ ಮೇಲೆ ಪಂಕ್ಚರಾದ ಟಯರಿನಂತೆ ಉಸಿರು ಬಿಡುತ್ತಾರೆ. ಆಮೇಲೆ ನನ್ನತ್ತ ತಿರುಗಿ, "ಖಂಡಿತ ಈಡೇರುತ್ತೆ ಅಲ್ವಾ?" ಅನ್ನುತ್ತಾರೆ. "ನೂರಕ್ಕೆ ನೂರು" ಅನ್ನುತ್ತೇನೆ. ಅದು ನಿಜವಾಗಿದ್ದರೆ ಇಷ್ಟು ಹೊತ್ತಿಗೆ ನನಗೆ ಹೊಸದೊಂದು ಜೊತೆ ಮಂಡಿ ಬಂದಿರಬೇಕಿತ್ತು.

ಸೇತುವೆಯಾದ ಮೇಲೆ ಸೂರು ಕುಸಿದ ಚರ್ಚು. ಅದರ ತಲೆಯ ಮೇಲೆ ಕೂತು ರೆಕ್ಕೆ ಒಣಗಿಸಿಕೊಳ್ಳುವ ಹದ್ದುಗಳಿಗೂ ಕ್ಯಾಮೆರಾ ಎತ್ತುತ್ತಾರೆ. ಆಮೇಲೆ ಬಣ್ಣ ಬಳಿದ ಗೋಡೆಗಳು. ಆಮೇಲೆ ಸಮುದ್ರಕ್ಕೆ ಇಳಿಯುವ ಓಣಿ. ಕೊನೆಗೆ ದನದ ಹೃದಯವನ್ನು ಕಡ್ಡಿಗೆ ಚುಚ್ಚಿ ಸುಡುವ ಹೆಂಗಸಿನ ಒಲೆ. ಹೃದಯ ಎಂದ ಕೂಡಲೇ ಮುಖ ಕಿವಿಚುತ್ತಾರೆ, ಆಮೇಲೆ ಮೂರು ಕಡ್ಡಿ ತಿಂದು ಬೆರಳು ನೆಕ್ಕುತ್ತಾರೆ. ನಡುವೆ ಸಿಗುವ ಚಿಕ್ಕಪುಟ್ಟದ್ದೂ ಸೇರಿ ಏಳು ನೋಡತಕ್ಕ ಸ್ಥಳ, ಎರಡೂವರೆ ಗಂಟೆ. ಆ ಓಣಿಯಲ್ಲೇ ನಮ್ಮ ವಠಾರದ ಬಾಗಿಲಿದೆ. ಅದರ ಮುಂದೆ ಬಂದಾಗ ಮಾತ್ರ ನಾನು ಹೆಜ್ಜೆ ಬೇಗ ಹಾಕುತ್ತಿದ್ದೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಎಂಟು ಸಂಸಾರ, ಒಂದು ಅಂಗಳ, ಒಂದು ನಲ್ಲಿ, ಒಂದು ಒಗೆಯುವ ತೊಟ್ಟಿ.

ಕಳೆದ ಚಳಿಗಾಲದಲ್ಲಿ ವಠಾರದ ಯಜಮಾನಿ ತೀರಿಕೊಂಡಳು. ಅವಳ ಅಂತ್ಯಕ್ರಿಯೆಗೂ ಬಾರದಿದ್ದ ಸೋದರಳಿಯ ವಕೀಲರ ಕಾಗದದ ರೂಪದಲ್ಲಿ ಬಂದ: ವಠಾರ ಕೆಡವಿ ಹನ್ನೆರಡು ಅಂತಸ್ತು ಕಟ್ಟುತ್ತಾನೆ, ನಾವು ಜಾಗ ಖಾಲಿ ಮಾಡಬೇಕು. ಖಾಲಿ ಮಾಡಿದರೆ ಹೋಗುವುದಕ್ಕಿದ್ದದ್ದು ಒಂದೇ ಕಡೆ, ಊರಾಚೆಯ ಮರಳುಗುಡ್ಡ. ಅಲ್ಲಿ ನೀರು ಲಾರಿಯಲ್ಲಿ ಬರುತ್ತದೆ. ಅಲ್ಲಿಂದ ಕೆಲಸಕ್ಕೆ ಎರಡು ಗಂಟೆಯ ಬಸ್ಸು, ನನ್ನ ಮಗಳು ಮಿಲಾಗ್ರೋಸ್‌ಗೆ ಶಾಲೆಯೇ ಇಲ್ಲ. ದಾರಿ ಒಂದಿದೆ ಎಂದು ಯಾರೋ ಹೇಳಿದರು. ಹಳೆಯ ನೆಲೆಗಳ ಸಮಿತಿಯವರು ನಮ್ಮ ವಠಾರವನ್ನು ನೋಡತಕ್ಕ ಸ್ಥಳಗಳ ಪಟ್ಟಿಗೆ ಸೇರಿಸಿದರೆ ಯಾವ ಅಳಿಯನೂ ಒಂದು ಇಟ್ಟಿಗೆ ಕದಲಿಸುವಂತಿಲ್ಲ. ಅರ್ಜಿ ಹಾಕಿದೆವು. ಗುರುವಾರ ಹನ್ನೊಂದಕ್ಕೆ ಅಧಿಕಾರಿ ಬರುತ್ತಾರೆಂದು ತಿಳಿಯಿತು.

ಭಾನುವಾರ ಅಂಗಳದಲ್ಲಿ ಸಭೆ. ಅಧ್ಯಕ್ಷರು ದೊನ್ ಕಾಸಿಮಿರೊ, ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಹತ್ತು ಜನ ನಿಂತಿದ್ದ ಅಂಗಳದಲ್ಲೂ ಅವರದು ಅದೇ ಕೂಗು.

"ಮುಂದೆ ಬನ್ನಿ, ಮುಂದೆ ಬನ್ನಿ, ಜಾಗ ಖಾಲಿ ಇದೆ! ಈಗ ಹೇಳಿ, ನಮ್ಮಲ್ಲಿ ನೋಡೋಕೆ ಏನಿದೆ?"

ನಲ್ಲಿ ತೊಟ್ಟಿಕ್ಕಿತು.

"ನಿಮ್ಮ ಹಲ್ಲಿದೆ," ಅಂದಳು ಎರಡನೇ ಮನೆಯ ದೊನ್ಯಾ ಸೋರಾಯ್ದಾ. "ಒಂದೇ ಉಳ್ಕೊಂಡಿರೋದು. ಭಾರಿ ಪ್ರಾಚೀನ."

"ನಿನ್ನ ನಾಲಿಗೆ ತೋರಿಸೋಣ, ಅದಕ್ಕಿಂತ ಉದ್ದದ್ದು ಪೆರುವಿನಲ್ಲೇ ಇಲ್ಲ," ಅಂದರು ಕಾಸಿಮಿರೊ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. "ನೆಲಿದಾ, ನಿನ್ನ ಕಸುಬೇ ಇದಲ್ವೇನೇ? ಪರದೇಶದವರಿಗೆ ಇಷ್ಟು ವರ್ಷ ಬುರುಡೆ ಬಿಟ್ಟಿದ್ದೀಯ. ನಮಗೂ ಒಂದು ಬಿಡು."

ಬಿಟ್ಟೆ. ಐದನೇ ಮನೆಯ ಕಿಟಕಿಯಲ್ಲಿ ನೂರು ವರ್ಷದ ಹಿಂದೆ ಒಬ್ಬ ವಧು ಕೂತಿದ್ದಳು. ಹಡಗಿನಲ್ಲಿ ಹೋದ ನಾವಿಕನಿಗಾಗಿ ಮೂವತ್ತು ವರ್ಷ ಕಾದಳು. ಇವತ್ತಿಗೂ ಮಂಜು ಕವಿದ ಸಂಜೆ ಅವಳು ತಲೆ ಬಾಚುವ ಸದ್ದು ಕೇಳುತ್ತದೆ. ಕಾಯುವ ಹೆಂಗಸಿನ ಕತೆಗೆ ಎಲ್ಲ ದೇಶದಲ್ಲೂ ಗಿರಾಕಿ ಇದ್ದಾರೆ. ಬಿಟ್ಟು ಹೋದ ಗಂಡನಿಗಾಗಿ ಒಂದು ಮಧ್ಯಾಹ್ನವೂ ಕಾಯದ ನಾನು ಇದನ್ನು ಹೊಸೆದೆ ಎನ್ನುವುದು ಬೇರೆ ಮಾತು. ಐದನೇ ಮನೆಯವರಿಗೆ ಮಾತ್ರ ಸಿಟ್ಟು ಬಂತು. "ನಮ್ಮನೇಲಿ ದೆವ್ವ ಯಾಕೆ? ಅವರ ಮನೇಲಿ ಇಡಿ."

ಗುರುವಾರ ಬೆಳಗ್ಗೆ ಅಂಗಳ ತೊಳೆದೆವು. ಒಣಹಾಕುವ ಹಗ್ಗ ಬಿಚ್ಚಿದೆವು. ಬಕೆಟ್, ತಪ್ಪಲೆ, ಸೋಪು, ಕಾಲೊರೆಸುವ ಗೋಣಿ ಎಲ್ಲ ಒಳಗೆ ಹೋದವು. ಓಣಿಯ ಹೋಟೆಲಿನಿಂದ ಹೂವಿನ ಕುಂಡಗಳನ್ನು ಕಡ ತಂದು ಸಾಲಾಗಿಟ್ಟೆವು. ಎರಡನೇ ಮನೆಯ ಹೊಸ್ತಿಲ ಮೇಲೆ ಬ್ರೆಡ್ಡಿನ ಗಾತ್ರದ ಒಂದು ಕರಿಕಲ್ಲಿತ್ತು. "ಇದೊಂದು ಅಸಹ್ಯ," ಎಂದು ಕಾಸಿಮಿರೊ ಅದನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಉರುಳಿಸಿದರು. ನಾನೇ ನೋಡಿದೆ, ಸುಮ್ಮನಿದ್ದೆ.

ಆ ಕಲ್ಲು ಸರದಿಯ ಕಲ್ಲು. ಚಳಿಗಾಲದಲ್ಲಿ ನಮ್ಮೂರಲ್ಲಿ ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಒದ್ದೆ ಮಂಜು ಮಾತ್ರ. ಒಂದು ದುಪ್ಪಟಿ ಒಣಗಲು ಮೂರು ದಿನ ಬೇಕು. ತೊಟ್ಟಿ ಒಂದು, ಹಗ್ಗದ ಜಾಗ ಒಂದು, ಸಂಸಾರ ಎಂಟು. ಕಲ್ಲು ಯಾರ ಹೊಸ್ತಿಲ ಮೇಲಿದೆಯೋ ಆ ದಿನ ತೊಟ್ಟಿ ಅವರದು. ಸಂಜೆ ಅವರೇ ಅದನ್ನು ಪಕ್ಕದ ಹೊಸ್ತಿಲಿಗೆ ಹೊತ್ತುಕೊಂಡು ಹೋಗಿ ಇಡಬೇಕು. ಕಲ್ಲಿನ ಮುಂದೆ ವಾದವಿಲ್ಲ. ಹತ್ತು ವರ್ಷದ ಹಿಂದೆ ಮೂರನೇ ಮನೆಯವರು ಅದನ್ನೊಮ್ಮೆ ಸರದಿ ತಪ್ಪಿಸಿ ಎಳೆದುಕೊಂಡರೆಂದು ಅವರ ಮಗಳ ಮದುವೆಗೆ ವಠಾರದವರು ಒಬ್ಬರೂ ಹೋಗಲಿಲ್ಲ. ಊಟ ಮಾತ್ರ ಮನೆಗೆ ತರಿಸಿಕೊಂಡೆವು.

ನನಗೆ ಆ ಕಲ್ಲಿನ ಹಂಗು ತಪ್ಪಿ ಎರಡು ತಿಂಗಳಾಗಿತ್ತು. ಅರೆಕೀಪಾಗೆ ಮನೆ ಬದಲಾಯಿಸಿದ ನನ್ನ ಅಕ್ಕ ತನ್ನ ಒಗೆಯುವ ಯಂತ್ರವನ್ನು ನನಗೆ ಬಿಟ್ಟುಹೋಗಿದ್ದಳು. ಮಗಳನ್ನು ಮಲಗಿಸಿ ಗುಂಡಿ ಒತ್ತಿ ಕುರ್ಚಿಯಲ್ಲಿ ಕೂತು ಅದು ತಿರುಗುವುದನ್ನು ನೋಡುತ್ತಿದ್ದೆ. ನನ್ನ ಪಾಲಿಗೆ ನೋಡತಕ್ಕ ಸ್ಥಳ ಅದೊಂದೇ.

ಹನ್ನೊಂದಕ್ಕೆ ಸರಿಯಾಗಿ ಅಧಿಕಾರಿ ಲಿಸಾರ್ಗಾ ಬಂದ. ಮಳೆಯೇ ಬಾರದ ಊರಿನಲ್ಲಿ ಕೊಡೆ ಹಿಡಿದಿದ್ದ. ಅಷ್ಟು ಹೇಳಿದರೆ ಆ ಮನುಷ್ಯ ಎಂಥವನೆಂದು ಗೊತ್ತಾಗುತ್ತದೆ. ಅಂಗಳವನ್ನೊಮ್ಮೆ, ಕುಂಡಗಳನ್ನೊಮ್ಮೆ ನೋಡಿ ಪುಸ್ತಕ ತೆರೆದ. ನಾನು ಗಂಟಲು ಸರಿಮಾಡಿಕೊಂಡೆ.

"ಕಾಯೋ ವಧು ಎಷ್ಟನೇ ಮನೇಲಿ ತಾಯಿ?" ಅಂದ, ನಾನು ಬಾಯಿ ತೆರೆಯುವ ಮೊದಲೇ.

"ಅಂ?"

"ಕಿಟಕೀಲಿ ಕೂತಿರ್ತಾಳಲ್ಲ, ಅವಳು. ಈ ವಾರಕ್ಕೆ ಇದು ಐದನೆಯವಳು. ಮೂವರು ನಾವಿಕರಿಗೆ ಕಾಯ್ತಿದ್ರು, ಒಬ್ಬಳು ಕವಿಗೆ."

"ಅವೆಲ್ಲ ಸುಳ್ಳು ಸ್ವಾಮಿ," ಅಂದರು ಕಾಸಿಮಿರೊ. "ನಮ್ಮವಳು ಅಸಲಿ!"

ಲಿಸಾರ್ಗಾ ಪುಸ್ತಕ ಮುಚ್ಚಿದ. "ಕುಂಡಗಳು ಚೆನ್ನಾಗಿವೆ. ಕೆಳಗಡೆ ಹೋಟೆಲಿನ ಹೆಸರು ಬರೆದಿದೆ, ಅಳಿಸಬಹುದಿತ್ತು," ಎಂದು ಬಾಗಿಲ ಕಡೆ ತಿರುಗಿದ. ಮರಳುಗುಡ್ಡದ ನೀರಿನ ಲಾರಿ ನನ್ನ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಬಿಸಿಲು ಬಂತು. ಹನ್ನೊಂದು ದಿನಕ್ಕೆ ಮೊದಲ ಬಿಸಿಲು. ಒಳಗೇ ಇರು ಎಂದು ಕೈಮುಗಿದು ಹೇಳಿದ್ದರೂ ಸೋರಾಯ್ದಾ ತಲೆಯಷ್ಟೆತ್ತರ ದುಪ್ಪಟಿ ಹೊತ್ತುಕೊಂಡು ಹೊರಗೆ ಬಂದಳು. ಹೊಸ್ತಿಲು ನೋಡಿದಳು.

"ನನ್ನ ಕಲ್ಲೆಲ್ಲಿ?"

"ಶ್! ಆಮೇಲೆ ದೊನ್ಯಾ ಸೋರಾಯ್ದಾ," ಅಂದೆ.

"ಆಮೇಲೆ ಅಂದ್ರೆ? ಬಿಸಿಲು ಆಮೇಲೆ ಬಾ ಅಂದ್ರೆ ಬರುತ್ತಾ? ಇವತ್ತು ಸರದಿ ನಂದು. ಯಾವ ಕಳ್ಳಿ ಎತ್ತಿದ್ದು? ಮೂರನೇ ಮನೆಯವಳೇ, ಈಚೆ ಬಾರೇ!"

"ಬಾಯಿ ತೊಳ್ಕೊಂಡು ಮಾತಾಡು!" ಮೂರನೇ ಮನೆಯವಳು ಬಂದೇ ಬಿಟ್ಟಳು. "ಹತ್ತು ವರ್ಷ ಆಯ್ತು, ಇನ್ನೂ ನಂದೇ ಹೆಸರಾ?"

"ಕಲ್ಲು ಎತ್ತಿದವಳು ಕಲ್ಲು ಎತ್ತಿದವಳೇ!"

"ನಾನು ಕಣಮ್ಮ ಎತ್ತಿದ್ದು, ನಾನು!" ಅಂದರು ಕಾಸಿಮಿರೊ. "ಟ್ಯಾಂಕಿನ ಹಿಂದೆ ಇದೆ. ಸಾಹೇಬರು ಬಂದಿದ್ದಾರೆ, ಮರ್ಯಾದೆ!"

"ಸರದಿ ಕಲ್ಲನ್ನ ಗಂಡಸು ಮುಟ್ಟಿದ್ದಾ?" ಅಂದಳು ಸೋರಾಯ್ದಾ. ಈಗ ಮೂರನೇ ಮನೆಯವಳೂ ಅವಳ ಪಕ್ಷ ಸೇರಿದಳು. ಇಬ್ಬರೂ ಸೇರಿ ಅಧ್ಯಕ್ಷರನ್ನು ಒದ್ದೆ ದುಪ್ಪಟಿಯಂತೆ ಹಿಂಡಿ ಹಗ್ಗಕ್ಕೆ ಹಾಕಿದರು. ಎಂಟೂ ಬಾಗಿಲು ತೆರೆದವು. ಹದಿನಾಲ್ಕು ವರ್ಷ ಜನರಿಗೆ ಊರು ತೋರಿಸಿದವಳು ನಾನು. ತೋರಿಸಬಾರದ್ದನ್ನೆಲ್ಲ ಒಮ್ಮೆಗೇ ಬಿಚ್ಚಿಟ್ಟದ್ದು ಅವತ್ತೇ.

ಲಿಸಾರ್ಗಾ ಹೋಗಲಿಲ್ಲ. ಕೊಡೆ ಗೋಡೆಗೆ ಒರಗಿಸಿ ಮತ್ತೆ ಪುಸ್ತಕ ತೆರೆದ.

"ಈ ಕಲ್ಲು ಎಷ್ಟು ವರ್ಷದಿಂದ ಹೀಗೆ ತಿರುಗುತ್ತಿದೆ?"

"ಯಾರಿಗೆ ಗೊತ್ತು?" ಅಂದಳು ಸೋರಾಯ್ದಾ, ಅವನ ಕಡೆ ನೋಡದೆ. "ನಮ್ಮಜ್ಜಿ ಸತ್ತ ದಿನಾನೂ ಅವಳ ಸರದೀನೇ. ಹೆಣ ಒಳಗೆ ಮಲಗಿಸಿ ಮೊದಲು ಬಟ್ಟೆ ಒಗೆದ್ವಿ. ಬಿಸಿಲಿತ್ತು."

ಅವನು ಟ್ಯಾಂಕಿನ ಹಿಂದೆ ಹೋಗಿ ಕಲ್ಲನ್ನು ನೋಡಿದ, ಮುಟ್ಟಲಿಲ್ಲ. ತೊಟ್ಟಿಯ ಅಂಚು ಸವೆದು ತಗ್ಗಾದ ಜಾಗದಲ್ಲಿ ಬೆರಳಾಡಿಸಿದ. ಯಾರೋ ಒಳಗಿನಿಂದ ತಂದು ಬೋರಲು ಹಾಕಿದ ತಪ್ಪಲೆಯ ಮೇಲೆ ಕೂತು ಎರಡು ಗಂಟೆ ಬರೆದ. ಆಮೇಲೆ ತಲೆಯೆತ್ತಿ, "ಒಂದೇ ಪ್ರಶ್ನೆ. ಎಲ್ಲರೂ ಈ ತೊಟ್ಟೀಲೇ ಒಗೀತೀರಾ? ಯಾರ ಮನೇಲೂ ಯಂತ್ರ ಇಲ್ವಾ? ಇದ್ರೆ ಇದು ಸತ್ತ ಪದ್ಧತಿ, ನಾನು ಬರೆಯೋ ಹಾಗಿಲ್ಲ," ಅಂದ.

ವಠಾರಕ್ಕೆ ವಠಾರವೇ ನನ್ನ ಕಡೆ ನೋಡಿತು.

"ಯಂತ್ರಾನಾ?" ಅಂದಳು ಸೋರಾಯ್ದಾ. "ನಮಗೇನು ಕೈ ಬಿದ್ದು ಹೋಗಿದ್ಯಾ?"

"ನನಗಂತೂ ಅದರ ಸದ್ದೇ ಆಗಲ್ಲ," ಅಂದೆ ನಾನು.

ರಜೆಯೆಂದು ಮನೆಯಲ್ಲಿದ್ದ ಮಿಲಾಗ್ರೋಸ್ ಒಳಗೆ ಓಡಿದಳು. ಲಿಸಾರ್ಗಾ ಪ್ರತಿ ಮನೆಯೊಳಗೂ ಇಣುಕಿ ಕೊನೆಗೆ ನಮ್ಮ ಅಡುಗೆಮನೆಗೆ ಬಂದಾಗ ಯಂತ್ರದ ಮೇಲೆ ನೆಲ ಮುಟ್ಟುವ ಹೆಣಿಗೆಯ ಬಟ್ಟೆ ಇತ್ತು. ಅದರ ಮೇಲೆ ಪೊರಕೆ ಹಿಡಿದ ಸಂತ ಮಾರ್ಟಿನ್‌ನ ಗೊಂಬೆ, ಎರಡು ಮೇಣದಬತ್ತಿ. ಅಧಿಕಾರಿ ನಿಂತ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಕೊರಿಯಾದಲ್ಲಿ ತಯಾರಾದ ಏಳು ಕಿಲೋ ಯಂತ್ರಕ್ಕೆ ತಲೆ ಬಾಗಿಸಿ ಹೊರಗೆ ಹೋದ.

ವಠಾರ ಉಳಿಯಿತು. ಸೋದರಳಿಯನ ಹನ್ನೆರಡು ಅಂತಸ್ತು ಕಾಗದದಲ್ಲೇ ಉಳಿಯಿತು. ಮಗಳು ಈಗಲೂ ಮೂರು ನಿಮಿಷದಲ್ಲಿ ನಡೆದು ಶಾಲೆ ಸೇರುತ್ತಾಳೆ. ಅದರ ಬಗ್ಗೆ ನಾನು ಏನೂ ಅನ್ನುವುದಿಲ್ಲ.

ಆದರೆ ಈಗ ನಾವು ಎಂಟನೇ ನೋಡತಕ್ಕ ಸ್ಥಳ. ಸಮಿತಿಯ ನಿಯಮದಂತೆ ಹನ್ನೊಂದರಿಂದ ನಾಲ್ಕರವರೆಗೆ ಬಾಗಿಲು ತೆರೆದಿರಬೇಕು, ಪ್ಲಾಸ್ಟಿಕ್ ಬಕೆಟ್ ಕೂಡದು, ಯಂತ್ರದ ಮಾತೇ ಇಲ್ಲ. ಬೇರೆ ಕಂಪನಿಗಳ ಗೈಡುಗಳು ಗುಂಪು ಕಟ್ಟಿಕೊಂಡು ಬಂದು ನನ್ನ ನೆರೆಯವರ ಒಳಬಟ್ಟೆಗಳನ್ನು ಮೂರು ಭಾಷೆಗಳಲ್ಲಿ ವಿವರಿಸುತ್ತಾರೆ. ಸೋರಾಯ್ದಾ ತನ್ನ ಸರದಿಯ ದಿನ ತುಟಿಗೆ ಬಣ್ಣ ಹಚ್ಚಿಕೊಂಡು ಒಗೆಯುತ್ತಾಳೆ. ನಮ್ಮ ಯಂತ್ರ ಸಂತನನ್ನು ಹೊತ್ತುಕೊಂಡು ಸುಮ್ಮನೆ ನಿಂತಿದೆ. ರಾತ್ರಿ ಓಡಿಸಿದರೆ ಸದ್ದು ಓಣಿಗೆಲ್ಲ ಕೇಳಿ ಸಮಿತಿಗೆ ಸುದ್ದಿ ಹೋಗುತ್ತದೆ. ಶನಿವಾರ ಮಧ್ಯಾಹ್ನ ಪಕ್ಕದ ಸಂಗೀತದವರು ಮರದ ಪೆಟ್ಟಿಗೆ ಬಡಿದು ಅಭ್ಯಾಸ ಮಾಡುವ ಅರ್ಧ ಗಂಟೆ ಮಾತ್ರ ಅದಕ್ಕೆ ಉಸಿರಾಡುವ ಅವಕಾಶ. ಅಷ್ಟರಲ್ಲಿ ಕಾಲುಚೀಲಗಳು ಮುಗಿಯುತ್ತವೆ, ದುಪ್ಪಟಿ ಮುಗಿಯುವುದಿಲ್ಲ.

ಮೊನ್ನೆ ಸೋಮವಾರ ಸಂಜೆ ಕಲ್ಲು ನನ್ನ ಹೊಸ್ತಿಲಿಗೆ ಬಂತು. "ನಾಳೆ ನಿಂದು ಕಣೇ," ಅಂದಳು ಅದನ್ನು ಇಡಲು ಬಂದವಳ ಹಿಂದೆಯೇ ಬಂದ ಸೋರಾಯ್ದಾ. "ಸ್ವಲ್ಪ ನಗ್ತಾ ಒಗಿ. ಹೋದ ವಾರ ನಿನ್ನ ಮುಖ ನೋಡಿ ಒಂದು ಮಗು ಅತ್ತಿತು."

ಮಂಗಳವಾರ ನಾಲ್ಕನೇ ದುಪ್ಪಟಿಯ ಹೊತ್ತಿಗೆ ನನ್ನ ಮಣಿಕಟ್ಟು ಸತ್ತುಹೋಗಿತ್ತು. ಗುಂಪಿನಲ್ಲಿದ್ದ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಹತ್ತಿರ ಬಂದ. "ಎಷ್ಟು ಶಾಂತಿ ಇದೆ ನಿಮ್ಮ ಬದುಕಲ್ಲಿ," ಅಂದ. "ಇದರ ಹಿಂದೆ ಒಂದು ಕತೆ ಇರಬೇಕಲ್ವಾ?"

"ಇಲ್ಲ," ಅಂದೆ. "ಬಟ್ಟೆ ಕೊಳೆ ಆಗುತ್ತೆ, ಒಗೀತೀವಿ."

ಅವನ ಮುಖ ಬಾಡಿತು. ಅಷ್ಟು ದೂರದಿಂದ ವಿಮಾನ ಹತ್ತಿ ಬಂದದ್ದು ನಿಜ ಕೇಳುವುದಕ್ಕಲ್ಲ. ಪಾಪ ಅನ್ನಿಸಲಿಲ್ಲ, ಉಪಾಯ ಹೊಳೆಯಿತು.

"ಹೊರಗಿನವರಿಗೆ ಹೇಳೋ ಹಾಗಿಲ್ಲ," ಅಂದೆ ದನಿ ತಗ್ಗಿಸಿ. "ಉಸಿರು ಬಿಗಿಹಿಡಿದು ಒಂದು ದುಪ್ಪಟಿ ಪೂರ್ತಿ ಹಿಂಡಿದರೆ ಅಂದುಕೊಂಡದ್ದು ಆಗುತ್ತೆ."

ಅವನು ಅಂಗಿಯ ತೋಳು ಮಡಚಿದ. ಕಣ್ಣು ಮುಚ್ಚಿ ಏನೋ ಅಂದುಕೊಂಡ. ಬೀಟ್‌ರೂಟಿನ ಬಣ್ಣಕ್ಕೆ ತಿರುಗಿ ಕೊನೆಯ ಹನಿಯವರೆಗೂ ಹಿಂಡಿದ. ಅವನ ಹಿಂದೆ ಆರು ಜನ ಆಗಲೇ ಸಾಲು ನಿಂತಿದ್ದರು.

"ಖಂಡಿತ ಈಡೇರುತ್ತೆ ಅಲ್ವಾ?" ಅಂದ ಏದುಸಿರು ಬಿಡುತ್ತಾ.

"ಆಗಲೇ ಈಡೇರ್ತು ಸ್ವಾಮಿ," ಅಂದೆ, ದುಪ್ಪಟಿ ಇಸಕೊಂಡು.