ಹೆಬ್ಬೆರಳಿಗೆ ಬಿಟ್ಟ ಜಾಗ

ಸಭೆಯ ಮುಂದೆ ನಿಂತು ಹಾಳೆ ನೋಡಿ ಓದುತ್ತಿದ್ದ ಆರ್ವಿಡ್, ಓದಿದ ಸಾಲನ್ನೇ ಮತ್ತೆ ಓದಿದ. ಚರ್ಚಿನ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಂಗಿ ಥೆಲ್ಮಾಳಿಗೆ ಕೂತಲ್ಲೇ ಭೂಮಿ ಬಾಯಿಬಿಡಬಾರದೇ ಎನಿಸಿತು.

ಪ್ರಾರ್ಥನೆ ಮುಗಿದು ನೆಲಮಾಳಿಗೆಯಲ್ಲಿ ಕಾಫಿಗೆ ಸೇರಿದಾಗ ಚರ್ಚಿನ ಆಡಳಿತ ನೋಡುವ ಡೋರಿಸ್ ಹತ್ತಿರ ಬಂದಳು.

"ಬೇಜಾರು ಮಾಡ್ಕೋಬೇಡ ಥೆಲ್ಮಾ. ಮುಂದಿನ ಭಾನುವಾರ ಬೇರೆ ಯಾರಾದ್ರೂ ಓದ್ಲಿ. ಪಾಪ, ಅವನಿಗೂ ವಯಸ್ಸಾಯ್ತು."

ಮಿನೆಸೋಟದ ಆ ಊರಲ್ಲಿ ಯಾರೂ ಜಗಳ ಆಡುವುದಿಲ್ಲ. ಸಿಟ್ಟು ಬಂದರೆ ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಳ್ಳುತ್ತಾರೆ. ಥೆಲ್ಮಾ ಬಗ್ಗಿಸಿಕೊಂಡಳು. ಮುಂದಿನ ಭಾನುವಾರವೆಂದರೆ ಆ ವರ್ಷ ತೀರಿಕೊಂಡವರ ಹೆಸರು ಕರೆದು, ಒಬ್ಬೊಬ್ಬರಿಗೂ ಗಂಟೆ ಹೊಡೆಯುವ ದಿನ. ಈ ಸಲ ಅದರಲ್ಲಿ ಆರ್ವಿಡ್‌ನ ಹೆಂಡತಿ ಲಿಲಿಯನ್ ಹೆಸರಿತ್ತು. ಜನ್ಮದಲ್ಲಿ ಯಾರನ್ನೂ ಏನೂ ಕೇಳದ ಮನುಷ್ಯ, ಅವಳನ್ನು ಮಣ್ಣು ಮಾಡಿ ಬರುವಾಗ ಒಂದೇ ಮಾತು ಹೇಳಿದ್ದ: "ಅವಳ ಹೆಸರು ನಾನೇ ಕರೀಬೇಕು."

ಥೆಲ್ಮಾ ಅಣ್ಣ ಓದಿದ ಹಾಳೆಯನ್ನು ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ಚರ್ಚಿನ ಕಂಪ್ಯೂಟರಿನಲ್ಲಿ ಅದನ್ನು ಜೋಡಿಸಿದವಳು ಅವಳೇ. ಆ ಚರ್ಚಿನವರು ಉಡುಗೊರೆಗೆ ಸುತ್ತಿದ ಕಾಗದವನ್ನೂ ಇಸ್ತ್ರಿ ಮಾಡಿ ಎತ್ತಿಡುವ ಜನ. ಓದುವುದೆಲ್ಲ ಒಂದೇ ಹಾಳೆಯಲ್ಲಿ ಹಿಡಿಯಬೇಕೆಂಬುದು ಅವರ ಕಟ್ಟಪ್ಪಣೆ. ಹಾಗಾಗಿ ಅಂಚಿನಿಂದ ಅಂಚಿಗೆ ಅಕ್ಷರ ತುಂಬಿದ್ದಳು. ಈಗ ಅದನ್ನು ತಾನೂ ಗಟ್ಟಿಯಾಗಿ ಓದತೊಡಗಿದಳು. ಸಾಲಿನ ತುದಿ ಮುಟ್ಟಿ ಹಿಂದಿರುಗಿದ ಕಣ್ಣು ಮತ್ತೆ ಅದೇ ಸಾಲಿಗೆ ಬಿತ್ತು.

"ಅಯ್ಯೋ, ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು.

ಅಪ್ಪನ ಅಚ್ಚುಕೂಟ ಕಣ್ಣಿಗೆ ಕಟ್ಟಿತು. ಗೋಧಿಯ ಉಗ್ರಾಣದ ಹಿಂದೆ, ಶಾಯಿ ಮತ್ತು ಸೀಮೆಎಣ್ಣೆ ವಾಸನೆಯ ಒಂದೇ ಕೋಣೆ. ಮೊದಲ ಪ್ರತಿ ಹೊರಬಂದರೆ ಅಪ್ಪ ತಾನು ನೋಡುತ್ತಿರಲಿಲ್ಲ. ಹಿಡಿಯುವುದು ಆರ್ವಿಡ್‌ನ ಕೆಲಸ, ಓದುವುದು ಥೆಲ್ಮಾಳದು. ಅವನ ಹೆಬ್ಬೆರಳ ಕೆಳಗೆ ಒಂದು ಅಕ್ಷರ ಮುಚ್ಚಿದರೂ, ಅವಳು ಒಂದು ಸಾಲು ತಪ್ಪಿದರೂ ಅಚ್ಚುಮೊಳೆಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಬೇಕು.

"ಸಾಲಿನ ತುದಿಗೆ ಕಣ್ಣು ಹೋದ್ರೆ ಸಾಲ್ದು ಮಗಳೇ, ವಾಪಸ್ ಮನೆಗೆ ಬರ್ಬೇಕು. ದಾರಿ ಉದ್ದ ಆದ್ರೆ ಪಕ್ಕದ ಮನೆ ಬಾಗ್ಲು ತಟ್ಟತ್ತೆ," ಎನ್ನುತ್ತಿದ್ದ. ಅಂಚಿಗೆ ಅಷ್ಟೊಂದು ಜಾಗ ಬಿಡುತ್ತಾನೆಂದು ಊರವರು ಅವನನ್ನು 'ಖಾಲಿ ಕಾಗದ ಮಾರೋನು' ಎಂದು ಆಡಿಕೊಳ್ಳುತ್ತಿದ್ದರು. ಆ ಕೋಣೆ, ಆ ವಾಸನೆ, ಆ ಬೈಗುಳ ಎಲ್ಲವೂ ಥೆಲ್ಮಾಳಿಗೆ ಮತ್ತೆ ಬೇಕೆನಿಸಿತು.

ಮುಂದಿನ ಭಾನುವಾರದ ಓದನ್ನು ಸುತ್ತ ಧಾರಾಳ ಜಾಗ ಬಿಟ್ಟು, ಒಂದು ಉಸಿರಿಗೆ ಒಂದು ಸಾಲು ಬರುವಂತೆ ಮುರಿದು ಜೋಡಿಸಿದಳು. ಮೂರು ಹಾಳೆಯಾಯಿತು.

"ಮೂರಾ! ಕಾಗದ ಏನು ಮರದಲ್ಲಿ ಬೆಳಿಯತ್ತಾ?" ಎಂದಳು ಡೋರಿಸ್.

"ಹೂಂ, ಮರದಲ್ಲೇ. ನಿಮ್ಮಪ್ಪ ಮರ ಕಡಿದೇ ಅಲ್ವಾ ನಿನ್ನ ಸಾಕಿದ್ದು?"

ಡೋರಿಸ್‌ಗೆ ನಗು ತಡೆಯಲಾಗಲಿಲ್ಲ. "ಸರಿ ಮಾರಾಯ್ತಿ, ಇದೊಂದ್ಸಲ ಓದ್ಲಿ. ಮತ್ತೆ ತಡವರಿಸಿದ್ರೆ ಮಾತ್ರ ನನ್ನ ಕೇಳ್ಬೇಡ."

ಆರ್ವಿಡ್ ಹಾಳೆಗಳನ್ನು ಕೈಗೆ ತೆಗೆದುಕೊಂಡ. ಹೆಬ್ಬೆರಳು ತಾನಾಗಿಯೇ ಬಿಳಿಯ ಜಾಗಕ್ಕೆ ಹೋಗಿ ಕೂತಿತ್ತು.

"ಅಪ್ಪನ ಹಾಳೆ ಇದ್ದಂಗಿದೆ ಕಣೇ," ಎಂದ.

ಭಾನುವಾರ ಅವನ ದನಿ ನಡುಗಲಿಲ್ಲ, ಸಾಲು ತಪ್ಪಲಿಲ್ಲ. ಓದು ಮುಗಿದು ಹೆಸರುಗಳು ಶುರುವಾದವು. ಒಂದು ಹೆಸರು, ಒಂದು ಗಂಟೆ. ಥೆಲ್ಮಾ ಉಸಿರು ಬಿಗಿಹಿಡಿದು ಕೂತಿದ್ದಳು. ಕೊನೆಯ ಹೆಸರು ಬಂತು.

"ಲಿಲಿಯನ್ ಸೋರ್ಬಿ."

ಗಂಟೆ ಮೊಳಗಿತು.

"ಲಿಲಿಯನ್ ಸೋರ್ಬಿ," ಎಂದು ಆರ್ವಿಡ್ ಮತ್ತೆ ಓದಿದ.

ಡೋರಿಸ್ ತಟ್ಟನೆ ತಿರುಗಿ ಥೆಲ್ಮಾಳನ್ನು ನೋಡಿದಳು. ಥೆಲ್ಮಾ ಅಣ್ಣನನ್ನು ನೋಡುತ್ತಿದ್ದಳು. ಅವನ ಕಣ್ಣು ಹಾಳೆಯ ಮೇಲಿರಲಿಲ್ಲ. ಲಿಲಿಯನ್ ಕೂರುತ್ತಿದ್ದ ಬೆಂಚಿನ ಖಾಲಿ ಜಾಗದ ಮೇಲಿತ್ತು. ಈ ಸಲ ಯಾರೂ ನಗಲಿಲ್ಲ. ಗಂಟೆಯವನು ಒಂದು ಕ್ಷಣ ತಡೆದು, ಮತ್ತೆ ಹಗ್ಗ ಎಳೆದ.