ಅರ್ಧ ಪರ್ಸೆಂಟು

"ಕಂಟ್ರೋಲ್ ರೂಮ್, ಇಪ್ಪತ್ತೈದು ಕೊಡಿ."

"ಕೊಟ್ಟೆ."

ಕೊಳವೆಯ ಮೇಲೆ ಕೂತಿದ್ದ ಮೋಟಾರು ಗುಂಯ್‌ಗುಟ್ಟಿ, ಕೆಳಗಿನ ವಾಲ್ವನ್ನು ಕಾಲು ಭಾಗ ತೆರೆದು ನಿಂತಿತು. ನಿಂತಿತು ಅನ್ನುವಷ್ಟರಲ್ಲಿ ಕೂದಲೆಳೆಯಷ್ಟು ಹಿಂದೆ ಸರಿಯಿತು, ಮತ್ತೆ ಮುಂದೆ ಬಂತು, ಮತ್ತೆ ಹಿಂದೆ. ರಿಪೇರಿಗೆ ಬಂದಿದ್ದ ಅವಳು ಅದರ ಮೇಲೆ ಅಂಗೈ ಇಟ್ಟು ನೋಡಿದಳು. ಚುರ್ರೆಂದಿತು. ಈ ವಾರದಲ್ಲೇ ಎರಡು ಸಲ ಕಾದು ತಾನಾಗಿ ನಿಂತುಬಿಟ್ಟಿದ್ದ ಮೋಟಾರು ಅದು. ಸ್ಟೋರಿನಲ್ಲಿ ಇನ್ನೊಂದಿಲ್ಲ. ಸುಟ್ಟುಹೋದರೆ ಕಾಗದ ಮಾಡುವ ಯಂತ್ರವನ್ನೇ ನಿಲ್ಲಿಸಬೇಕು.

"ನಿಮ್ಮಲ್ಲಿ ಎಷ್ಟು ತೋರಿಸ್ತಿದೆ?"

"ಇಪ್ಪತ್ತೈದು. ಇಪ್ಪತ್ತನಾಲ್ಕೂವರೆ. ಇಪ್ಪತ್ತೈದು. ಕುಣೀತಾನೇ ಇದೆ."

ವಾಕಿಟಾಕಿಯ ಆಚೆ ಇದ್ದವನು ಅವಳ ಗಂಡ. ಈ ಕೆಲಸ ಒಬ್ಬರ ಕೈಲಾಗುವುದಲ್ಲ. ಒಬ್ಬರು ದೂರದಲ್ಲಿ ಪರದೆಯ ಮುಂದೆ ಕೂತು ಅಂಕಿ ಕೊಡಬೇಕು, ಇನ್ನೊಬ್ಬರು ವಾಲ್ವಿನ ಹತ್ತಿರ ನಿಂತು ಅದನ್ನು ಹದಕ್ಕೆ ತರಬೇಕು. ಮನೆಯಲ್ಲಿ ತಿಂಗಳಿಂದ ಮುಖ ಕೊಟ್ಟು ಮಾತಾಡದ ಗಂಡ ಹೆಂಡತಿಯನ್ನು ಕಾರ್ಖಾನೆ ಸಂಬಳ ಕೊಟ್ಟು ಮಾತಾಡಿಸುತ್ತಿತ್ತು. ಅವನದು ರಾತ್ರಿ ಪಾಳಿ, ಅವಳದು ಹಗಲು. ಸಂಜೆ ಮನೆ ಬಾಗಿಲಲ್ಲಿ ಎದುರಾದಾಗ ಕೀಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು, ಅಷ್ಟೇ. ಇವತ್ತು ವಾಲ್ವಿಗಾಗಿ ಅವನನ್ನು ಪಾಳಿ ಮುಗಿದ ಮೇಲೂ ಕೂರಿಸಿಕೊಂಡಿದ್ದರು.

ಜಗಳ ದೊಡ್ಡದೇನಲ್ಲ. ದೊಡ್ಡದಾಗಿದ್ದರೆ ಯಾರಾದರೂ ಹಿರಿಯರು ಬಂದು ಬುದ್ಧಿ ಹೇಳುತ್ತಿದ್ದರು. ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಹಾಕಬೇಡಿ, ಬಚ್ಚಲ ದೀಪ ಆರಿಸಿ, ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿ. ಅವಳು ಹೇಳುತ್ತಿದ್ದುದರಲ್ಲಿ ಒಂದೂ ಸುಳ್ಳಲ್ಲ, ತೊಂದರೆ ಇದ್ದದ್ದೇ ಅಲ್ಲಿ. "ಒಂದು ತಿಂಗಳು ನೈಟ್ ಶಿಫ್ಟ್ ಹಾಕಿಸ್ಕೊಂಡಿದ್ದೀನಿ" ಎಂದು ಅವನೊಂದು ದಿನ ಊಟದ ಚೀಲ ಹೆಗಲಿಗೇರಿಸಿದ್ದ. ತಿಂಗಳು ತಾನೇ ಎಂದು ಅವಳು ಹಲ್ಲು ಕಚ್ಚಿಕೊಂಡು ಕಾದಿದ್ದಳು. ನಿನ್ನೆಗೆ ಆ ತಿಂಗಳು ಮುಗಿದಿತ್ತು.

ಪಾಳಿಯ ಮೇಲ್ವಿಚಾರಕರು ಬಂದು ಇಣುಕಿದರು. "ಏನಮ್ಮಾ, ಬದುಕುತ್ತಾ ಇದು?"

"ನೋಡ್ತಿದ್ದೀನಿ ಸಾರ್."

"ಅಂದಹಾಗೆ, ನಿಮ್ಮೆಜಮಾನ್ರು ಕಾಯಂ ನೈಟ್‌ಗೆ ಹೆಸರು ಕೊಟ್ಟಿದ್ದಾರೆ. ಆ ಅರ್ಜೀನ ಮಧ್ಯಾಹ್ನ ಮೇಲಿನವರಿಗೆ ಕಳಿಸ್ತೀನಿ. ಆಮೇಲೆ ಬದಲಾಯಿಸೋಕಾಗಲ್ಲ. ನಿಮಗೆ ಗೊತ್ತು ತಾನೇ?"

"ಗೊತ್ತು" ಎಂದಳು. ಗೊತ್ತಿರಲಿಲ್ಲ. ಅವರು ಹೋದ ಮೇಲೂ ಸ್ಕ್ರೂಡ್ರೈವರ್ ಹಿಡಿದ ಕೈ ಹಾಗೇ ನಿಂತಿತ್ತು. ಅಳೋಣವೆಂದರೆ ಅದಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ.

"ಏನಾಯ್ತು? ಐವತ್ತು ಕೊಡ್ಲಾ?"

"ತಾಳಿ."

ಮೋಟಾರಿನ ಮುಚ್ಚಳ ಬಿಚ್ಚಿದಳು. ವೈರು ಸರಿಯಿತ್ತು, ಗೇರೂ ಸರಿಯಿತ್ತು. ಉಳಿದದ್ದು ಮೂಲೆಯಲ್ಲೊಂದು ಪುಟ್ಟ ತಿರುಪು. ಕೇಳಿದ ಅಂಕಿಗೂ ನಿಂತ ಜಾಗಕ್ಕೂ ಎಷ್ಟು ವ್ಯತ್ಯಾಸವಿದ್ದರೆ ಮೋಟಾರು ಕಂಡೂ ಕಾಣದಂತೆ ಸುಮ್ಮನಿರಬೇಕು ಎಂಬುದನ್ನು ಗೊತ್ತುಮಾಡುವುದು ಅದೇ. ಅದನ್ನು ಸೊನ್ನೆಗೆ ತಿರುಗಿಸಿಡಲಾಗಿತ್ತು. ತಿರುಗಿಸಿದವಳು ಅವಳೇ, ಹೋದ ಸಲದ ರಿಪೇರಿಯಲ್ಲಿ, ಪರದೆಯ ಅಂಕಿ ಚೂರೂ ಆಚೀಚೆ ಆಗಬಾರದೆಂದು. ಅಂದಿನಿಂದ ಪಾಪದ ಮೋಟಾರು ಒಂದು ಗಳಿಗೆಯೂ ನಿಂತಲ್ಲಿ ನಿಂತಿರಲಿಲ್ಲ.

ಸದ್ದಿಲ್ಲದೆ ಸಡಿಲಿಸಿ ಮುಚ್ಚಳ ಹಾಕಿಬಿಡಬಹುದಿತ್ತು. ಯಾರು ನೋಡಲು ಬರುತ್ತಿದ್ದರು? ಅವಳು ವಾಕಿಟಾಕಿ ಬಾಯಿಯ ಹತ್ತಿರ ತಂದಳು.

"ರೀ."

ಅದರಲ್ಲಿ ಆಡಿದ ಮಾತು ಇಡೀ ಕಾರ್ಖಾನೆಗೆ ಕೇಳಿಸುತ್ತದೆ. ಅಲ್ಲಿ ಯಾರೂ ಯಾರನ್ನೂ ಹಾಗೆ ಕರೆದದ್ದಿಲ್ಲ. ಬಾಯ್ಲರ್ ಕಡೆಯಿಂದ ಯಾರೋ ಕೆಮ್ಮಿದರು.

"ಹೇಳು" ಎಂದ ಅವನು.

"ಮೋಟಾರಿಂದೇನೂ ತಪ್ಪಿಲ್ಲ. ನಾನೇ ಅದಕ್ಕೆ ಚೂರೂ ಆಚೀಚೆ ಆಗೋಕೆ ಬಿಟ್ಟಿಲ್ಲ. ಅದಕ್ಕೇ ಸುಸ್ತಾಗಿ ನಿಂತ್ಹೋಗ್ತಿತ್ತು."

ಆಡಿಕೊಂಡು ನಗಲು ಇದಕ್ಕಿಂತ ಒಳ್ಳೆಯ ಅವಕಾಶ ಅವನಿಗೆ ಸಿಗುತ್ತಿರಲಿಲ್ಲ.

"ಹಾಗಾದ್ರೆ ಸ್ವಲ್ಪ ಸಡಿಲ ಬಿಡು" ಎಂದ.

"ಬಿಟ್ಟೆ. ಈಗ ಐವತ್ತು ಕೊಡಿ."

ಮೋಟಾರು ಗುಂಯ್‌ಗುಟ್ಟಿತು, ನಿಂತಿತು. ನಿಂತೇ ಇತ್ತು.

"ಎಷ್ಟು ತೋರಿಸ್ತಿದೆ?"

"ನಲವತ್ತೊಂಬತ್ತೂವರೆ."

"ಇರಲಿ ಬಿಡಿ" ಎಂದಳು.

ಮಧ್ಯಾಹ್ನ ಮೇಲ್ವಿಚಾರಕರು ಅತ್ತ ಸುಳಿಯಲಿಲ್ಲ. ಹೋಗಿ ಕೇಳುವ ಧೈರ್ಯ ಅವಳಿಗೂ ಬರಲಿಲ್ಲ.

ಸಂಜೆ ಕೀಲಿ ಕೊಡಲು ಅವನು ಬಾಗಿಲಲ್ಲಿ ನಿಂತಿರಲಿಲ್ಲ. ಪಾಳಿಗೆ ಮುಂಚೆಯೇ ಹೊರಟುಬಿಟ್ಟನೇನೋ ಎಂದುಕೊಂಡು ಬಾಗಿಲಿಗೆ ಕೈ ಹಾಕಿದಳು. ಚಿಲಕ ಹಾಕಿರಲಿಲ್ಲ. ಒಳಗೆ ಬಚ್ಚಲ ದೀಪ ಉರಿಯುತ್ತಿತ್ತು. ಊಟದ ಚೀಲ ಮೊಳೆಯಲ್ಲಿ ಖಾಲಿ ನೇತಾಡುತ್ತಿತ್ತು. ಕೋಣೆಯಿಂದ ಗೊರಕೆ ಕೇಳಿಸುತ್ತಿತ್ತು.

ಕುರ್ಚಿಯ ಮೇಲೆ ಒದ್ದೆ ಟವೆಲು ಇತ್ತು. ಅವಳು ಚಪ್ಪಲಿ ಬಿಟ್ಟು, ಸದ್ದಾಗದಂತೆ ಇನ್ನೊಂದು ಕುರ್ಚಿ ಎಳೆದುಕೊಂಡು ಅದರ ಪಕ್ಕದಲ್ಲಿ ಕೂತಳು.